ಕಾರಿನ ಕೆಳಗಿನ ಕಟಕಟ

ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂಬ ಒಂದು ವರ್ಗವುಂಟು. ಚಟಚಟ, ಗಡಗಡ, ಕಟಕಟ, ಕಿರ್ರನೆ, ಧೊಪ್ಪನೆ ಮೊದಲಾದುವು ಅದಕ್ಕೆ ಸೇರಿದವು. ಕಿವಿಗೆ ಬಿದ್ದ ಸದ್ದನ್ನು ಬಿದ್ದ ಹಾಗೆಯೇ ನುಡಿಯಲ್ಲಿ ಹಿಡಿದಿಡುವ ಮಾತುಗಳಿವು. ತರಗತಿಯಲ್ಲಿ ಈ ಪಾಠ ಬಂದಾಗ, ಪರೀಕ್ಷೆಯ ಒಂದು ಅಂಕದ ಹೊರತು ಇವುಗಳಿಂದ ಪ್ರಯೋಜನವೇನೆಂದು ಕೇಳುವ ಹುಡುಗರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ಆ ಹುಡುಗರು ಬೆಳೆದು ಕಾರು ಕೊಂಡ ಮೇಲೆ ಉತ್ತರ ತಾನಾಗಿ ದೊರೆಯುತ್ತದೆ. ಕಾರನ್ನು ಗ್ಯಾರೇಜಿಗೆ ಒಯ್ದು “ಏನೋ ಸದ್ದು ಬರುತ್ತಿದೆ, ಸ್ವಲ್ಪ ನೋಡಿ” ಎಂದವರಿಗೂ, “ನಿಧಾನವಾಗಿ ಹೋಗುವಾಗ, ಮುಂದಿನ ಎಡಚಕ್ರ ಗುಂಡಿಗೆ ಇಳಿದರೆ ಮಾತ್ರ ಕಟಕಟ ಎನ್ನುತ್ತದೆ, ಎರಡು ಚಕ್ರವೂ ಒಟ್ಟಿಗೆ ಹಂಪು ಹತ್ತಿದರೆ ಎನ್ನುವುದಿಲ್ಲ” ಎಂದವರಿಗೂ ಬರುವ ಬಿಲ್ಲಿನಲ್ಲಿ ಬಹಳ ಅಂತರವಿರಬಹುದು.

ಈ ಎರಡನೆಯ ಮಾತು ಬಹುಮಟ್ಟಿಗೆ ಒಂದು ಜಾಗದ ಕಡೆಗೇ ಬೆರಳು ತೋರಿಸುತ್ತದೆ. ಕಾರಿನ ಮುಂಭಾಗದ ಕೆಳಗೆ ಅಡ್ಡಲಾಗಿ ಒಂದು ಉಕ್ಕಿನ ಸರಳು ಇದೆ. ಗ್ಯಾರೇಜಿನವರು ಅದನ್ನು ಸ್ಟೆಬಿಲೈಜರ್ ಬಾರ್ ಎನ್ನುತ್ತಾರೆ. ಆ ಸರಳಿನ ಎರಡು ತುದಿಗಳಲ್ಲಿ ಒಂದೊಂದು ಲಿಂಕ್ ರಾಡು, ನಡುವೆ ಎರಡು ರಬ್ಬರು ಬುಷ್ಷು. ಸರಳು ಸಾಮಾನ್ಯವಾಗಿ ಕಾರಿನ ಆಯುಷ್ಯದಷ್ಟು ಬಾಳುತ್ತದೆ. ಲಿಂಕು ಬುಷ್ಷುಗಳು ಮಾತ್ರ ಸವೆಯುತ್ತವೆ. ಇವು ಕಾರಿನ ಅಗ್ಗದ ಭಾಗಗಳಲ್ಲಿ ಸೇರಿದವು. ಆದರೂ ಇವುಗಳ ಸದ್ದನ್ನು ಕೇಳಿ ಬೆಲೆಬಾಳುವ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ಎಸೆದವರಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಅಪಾಯದ ಕೀಲೊಂದು ಸಡಿಲವಾಗಿದ್ದಾಗ “ಲಿಂಕ್ ರಾಡಿನ ಸದ್ದಷ್ಟೇ, ಓಡಿಸಿ ಪರವಾಗಿಲ್ಲ” ಎಂಬ ಮಾತನ್ನು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವುದು. ಆದಕಾರಣ ಈ ವಿಚಾರವನ್ನು ಸ್ವಲ್ಪ ಬಿಡಿಸಿಯೇ ನೋಡುವುದು ಒಳ್ಳೆಯದು.

ಮೊದಲು ಆ ಸರಳಿನ ಕೆಲಸವೇನೆಂಬುದನ್ನು ತಿಳಿಯಬೇಕು. ಕಾರು ವೇಗವಾಗಿ ಬಲಕ್ಕೆ ತಿರುಗಿದಾಗ ಅದರ ಮೈ ಎಡಕ್ಕೆ ವಾಲುತ್ತದೆ. ಒಳಗೆ ಕುಳಿತವರೂ ವಾಲುತ್ತಾರೆ. ಎಡಗಡೆಯ ಸ್ಪ್ರಿಂಗು ಕುಗ್ಗುತ್ತದೆ, ಬಲಗಡೆಯದು ಹಿಗ್ಗುತ್ತದೆ. ಸ್ಪ್ರಿಂಗು ಗಡುಸಾಗಿದ್ದರೆ ವಾಲುವುದು ಕಡಿಮೆಯಾದೀತು. ಆದರೆ ಆಗ ಪ್ರತಿಯೊಂದು ಕಲ್ಲೂ ಸೊಂಟಕ್ಕೆ ತಗಲುತ್ತದೆ. ಸ್ಪ್ರಿಂಗು ಮೆತ್ತಗಿರಬೇಕು, ಕಾರು ವಾಲಲೂ ಕೂಡದು; ಈ ಎರಡು ಬೇಡಿಕೆಗಳಿಗೆ ರಾಜಿ ಮಾಡಿಸಲು ಬಂದ ಉಪಾಯವೇ ಈ ಸರಳು. ಕೆನಡಾ ದೇಶದ ಫ್ರೆಡರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ೧೯೧೯ರ ಏಪ್ರಿಲಿನಲ್ಲಿ ಇದರ ಪೇಟೆಂಟು ದೊರಕಿತು. ಆದರೆ ಆ ಕಾಲದ ಕಾರುಗಳ ಸ್ಪ್ರಿಂಗುಗಳು ಸ್ವತಃ ಬಹಳ ಗಡುಸಾಗಿದ್ದುದರಿಂದ ಇದರ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಮೆತ್ತನೆಯ ಸುರುಳಿ ಸ್ಪ್ರಿಂಗುಗಳು ಹಬ್ಬಿದ ೧೯೫೦ರ ದಶಕದಿಂದೀಚೆಗೆ ಇದು ಸಾಮಾನ್ಯವಾಯಿತು.

ಇದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಮನೆಯ ಬಚ್ಚಲಿಗೆ ಹೋದರೆ ಸಾಕು. ಒದ್ದೆಯಾದ ದಪ್ಪ ಜಮಖಾನವೊಂದನ್ನು ಹಿಂಡಬೇಕಾದರೆ ಇಬ್ಬರು ಬೇಕು. ಆ ತುದಿಯನ್ನು ಒಬ್ಬರು, ಈ ತುದಿಯನ್ನು ಒಬ್ಬರು ಹಿಡಿಯುತ್ತಾರೆ. ಇಬ್ಬರೂ ಒಂದೇ ಕಡೆಗೆ, ಒಂದೇ ಸಮನಾಗಿ ತಿರುಗಿಸಿದರೆ ಜಮಖಾನ ಸುಮ್ಮನೆ ಉರುಳುತ್ತದೆಯೇ ಹೊರತು ತೊಟ್ಟು ನೀರೂ ಬೀಳುವುದಿಲ್ಲ. ಒಬ್ಬರು ಬಿಗಿಯಾಗಿ ಹಿಡಿದು ಇನ್ನೊಬ್ಬರು ತಿರುಗಿಸಿದರೆ ಅಥವಾ ಇಬ್ಬರೂ ಎದುರುಬದುರಾಗಿ ತಿರುಗಿಸಿದರೆ ಅದು ಹುರಿಗೊಳ್ಳುತ್ತದೆ. ಹುರಿಗೊಂಡದ್ದು ಹಿಂದಕ್ಕೆ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಕಾರಿನ ಸರಳೂ ಹಾಗೆಯೇ. ಅದರ ಎರಡು ತುದಿಗಳು ತೋಳುಗಳಂತೆ ಬಾಗಿ ಎರಡು ಚಕ್ರಗಳ ಕಡೆಗೆ ಚಾಚಿಕೊಂಡಿವೆ. ಎರಡು ಚಕ್ರಗಳೂ ಒಟ್ಟಿಗೆ ಮೇಲೆದ್ದರೆ ಸರಳು ತನ್ನ ಬುಷ್ಷುಗಳಲ್ಲಿ ಸುಮ್ಮನೆ ಹೊರಳುತ್ತದೆ. ಒಂದು ಚಕ್ರ ಮಾತ್ರ ಎದ್ದರೆ, ಇಲ್ಲವೆ ಒಂದು ಎದ್ದು ಇನ್ನೊಂದು ಇಳಿದರೆ, ಸರಳು ಹುರಿಗೊಂಡು ತಡೆಯೊಡ್ಡುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಆಗುವುದೂ ಇದೇ. ಹಳೆಯ ಅಂಬಾಸಿಡರ್ ಕಾರನ್ನು ಬಲ್ಲವರಿಗೆ ಉಕ್ಕಿನ ಸರಳು ತಿರುಚಿಕೊಂಡು ಸ್ಪ್ರಿಂಗಿನಂತೆ ವರ್ತಿಸುವುದು ಹೊಸದಲ್ಲ. ೨೦೧೪ರಲ್ಲಿ ತಯಾರಿಕೆ ನಿಂತ ಆ ಕಾರಿನ ಮುಂಚಕ್ರಗಳ ಭಾರವನ್ನೇ ಉದ್ದನೆಯ ತಿರುಚು ಸರಳುಗಳು ಹೊರುತ್ತಿದ್ದುವು. ನಮ್ಮ ಸ್ಟೆಬಿಲೈಜರ್ ಸರಳಾದರೋ ಭಾರ ಹೊರುವುದಿಲ್ಲ. ಎಡಬಲಗಳ ನಡುವಣ ವ್ಯತ್ಯಾಸಕ್ಕೆ ಮಾತ್ರ ಕಡಿವಾಣ ಹಾಕುತ್ತದೆ. ಆದ್ದರಿಂದಲೇ ಲಿಂಕು ಮುರಿದರೂ ಕಾರು ಕುಸಿದು ಕೂರುವುದಿಲ್ಲ, ಓಡುತ್ತಲೇ ಇರುತ್ತದೆ. ಆದರೆ ಆಗುಂಬೆಯಂಥ ಘಾಟಿಯ ತಿರುವಿನಲ್ಲಿ, ಅಥವಾ ಅಡ್ಡ ಬಂದ ಹಸುವನ್ನು ತಪ್ಪಿಸಲು ಥಟ್ಟನೆ ಚುಕ್ಕಾಣಿ ಹೊರಳಿಸಿದಾಗ, ಅದು ನೀವು ಎಣಿಸಿದ್ದಕ್ಕಿಂತ ಹೆಚ್ಚಾಗಿ ವಾಲುತ್ತದೆ.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ಸರಳು ದಪ್ಪವಾದಷ್ಟೂ ಒಳ್ಳೆಯದೆಂದು ತಿಳಿದು ಕಾರಿನ ತಯಾರಕರು ಕೊಟ್ಟದ್ದನ್ನು ತೆಗೆಸಿ ದಪ್ಪನೆಯದನ್ನು ಹಾಕಿಸುವ ತರುಣರಿದ್ದಾರೆ. ಸರಳಿನ ತಿರುಚು ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ೨೦ ಮಿಲಿಮೀಟರಿನ ಜಾಗದಲ್ಲಿ ೨೨ ಮಿಲಿಮೀಟರಿನದನ್ನು ಹಾಕಿದರೆ ದಪ್ಪ ಹತ್ತರಲ್ಲೊಂದು ಪಾಲು ಹೆಚ್ಚಿದಂತೆ ಕಂಡರೂ ಬಿಗುಪು ನೂರಕ್ಕೆ ೪೬ರಷ್ಟು ಹೆಚ್ಚುತ್ತದೆ. ಆಗ ಒಂದು ಚಕ್ರಕ್ಕೆ ತಗಲಿದ ಕಲ್ಲು ಇನ್ನೊಂದನ್ನೂ ಅಲುಗಿಸುತ್ತದೆ. ಮುಂದಿನ ಸರಳು ಮಾತ್ರ ಅತಿ ಬಿಗಿಯಾದರೆ ತಿರುವಿನಲ್ಲಿ ಕಾರು ನೀವು ತಿರುಗಿಸಿದಷ್ಟು ತಿರುಗದೆ ಹೊರಕ್ಕೆ ಸರಿಯಲೂಬಹುದು. ಪಂದ್ಯದ ಕಾರುಗಳ ವಿದ್ಯೆ ಸಂಸಾರಸ್ಥರ ಕಾರಿಗೆ ಬೇಡ.

ಸರಳು ಚಕ್ರದ ಕಡೆಗೆ ನೇರವಾಗಿ ಅಂಟಿಕೊಂಡಿರಲಾರದು; ಚಕ್ರ ಏರಿಳಿಯುವಾಗ ಎರಡರ ದಾರಿಯೂ ಬೇರೆ ಬೇರೆ. ಆದ್ದರಿಂದ ನಡುವೆ ಒಂದು ಗಿಡ್ಡ ಕೊಂಡಿ ಬೇಕು. ಅದೇ ಲಿಂಕ್ ರಾಡು. ಈಗಿನ ಹೆಚ್ಚಿನ ಕಾರುಗಳಲ್ಲಿ ಅದರ ಎರಡು ಕೊನೆಗೂ ಒಂದೊಂದು ಗುಂಡುಕೀಲು ಇರುತ್ತದೆ. ನಮ್ಮ ತೊಡೆಯ ಮೂಳೆಯ ತುದಿಯ ಗುಂಡು ಸೊಂಟದ ಬಟ್ಟಲಿನಲ್ಲಿ ಕುಳಿತಿಲ್ಲವೇ, ಅದೇ ಮಾದರಿ. ಅದರ ಮೇಲೆ ರಬ್ಬರಿನ ಟೊಪ್ಪಿಗೆ, ಒಳಗೆ ಗ್ರೀಸು. ಟೊಪ್ಪಿಗೆ ಹರಿದ ದಿನ ಕೆಸರೂ ಮರಳೂ ಒಳಹೊಕ್ಕು ಗ್ರೀಸು ಅರೆಯುವ ಹಿಟ್ಟಾಗುತ್ತದೆ. ಗುಂಡು ಬಟ್ಟಲಿನಲ್ಲಿ ಸಡಿಲಗೊಂಡು, ಚಕ್ರ ಅಲುಗಿದಾಗಲೆಲ್ಲ ಅತ್ತಿತ್ತ ಬಡಿದು ಕಟಕಟ ಎನ್ನುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೂ ಸಾಕು, ಉಕ್ಕಿಗೆ ಉಕ್ಕು ಬಡಿಯುವ ಸದ್ದು ಕಾರಿನ ಮೈಯನ್ನೇ ತಮಟೆ ಮಾಡಿಕೊಂಡು ಒಳಗಿನವರಿಗೆ ಕೇಳುತ್ತದೆ.

ನಡುವಣ ಬುಷ್ಷುಗಳ ಪಾಡು ಬೇರೆ. ಅವು ಸರಳನ್ನು ಸುತ್ತುವರಿದ ರಬ್ಬರಿನ ಗಡ್ಡೆಗಳು, ಮೇಲೊಂದು ತಗಡಿನ ಪಟ್ಟಿ. ಬಿಸಿಲು, ಎಂಜಿನಿನ ಕಾವು, ಸೋರಿದ ಎಣ್ಣೆ, ಗಾಳಿಯಲ್ಲಿರುವ ಓಜೋನ್ ಇವೆಲ್ಲ ಸೇರಿ ರಬ್ಬರು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ದುಂಡಗಿದ್ದ ತೂತು ಮೊಟ್ಟೆಯ ಆಕಾರವಾಗುತ್ತದೆ. ಆಗ ಬರುವುದು ಕಟಕಟವಲ್ಲ, ಅದಕ್ಕಿಂತ ಮಂದವಾದ ‘ದಡಕ್’. ಒಣಗಿದ ರಬ್ಬರು ಸರಳಿಗೆ ಉಜ್ಜಿದರೆ ಹಳೆಯ ಬಾಗಿಲಿನಂತೆ ಕಿರ್ರೆನ್ನುತ್ತದೆ; ಬೆಳಗಿನ ಚಳಿಯಲ್ಲಿ ಹೆಚ್ಚು, ಮಳೆ ಬಂದ ದಿನ ಕಡಿಮೆ. ಈಗ ನೋಡಿ: ಕಟಕಟ ಲಿಂಕಿನದು, ದಡಕ್ ಬುಷ್ಷಿನದು, ಕಿರ್ರೆನ್ನುವುದು ಒಣ ರಬ್ಬರಿನದು. ಇದು ವೇದವಾಕ್ಯವಲ್ಲ, ದಾರಿ ತೋರುವ ಕಂಬ ಮಾತ್ರ.

ನಿಜವಾದ ಪರೀಕ್ಷೆ ಜಮಖಾನದ ನ್ಯಾಯದಿಂದಲೇ ಹುಟ್ಟುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಎದ್ದರೆ ಸರಳು ಹುರಿಗೊಳ್ಳುವುದಿಲ್ಲ, ಲಿಂಕುಗಳ ಮೇಲೆ ಬಲ ಬೀಳುವುದಿಲ್ಲ. ಹಾಗಾದರೆ ಅಗಲವಾದ ಹಂಪನ್ನು ನಿಧಾನವಾಗಿ, ನೇರವಾಗಿ ಹತ್ತಿ ಇಳಿಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ೧೯೮೮ರ ಸೂಚನೆಯಂತೆ ಹಂಪು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ ಇರಬೇಕಾಗಿತ್ತು. ಅಂಥದ್ದೊಂದು ನಿಮ್ಮ ಊರಿನಲ್ಲಿದ್ದರೆ ಅದು ನಿಮ್ಮ ಪುಣ್ಯ. ಅಲ್ಲಿ ಸದ್ದಿಲ್ಲದೆ, ಮುಂದೆ ಒಂದೇ ಚಕ್ರ ಗುಂಡಿಗೆ ಇಳಿಯುವಂತೆ ಓಡಿಸಿದಾಗ ಕಟಕಟ ಬಂದರೆ ಸಂಶಯ ಲಿಂಕಿನ ಮೇಲೆ. ಎರಡು ಕಡೆಯೂ ಒಂದೇ ಸಮನಾಗಿ ಸದ್ದು ಬಂದರೆ ಶಾಕ್ ಅಬ್ಸಾರ್ಬರು, ಅದರ ಮೇಲ್ತುದಿಯ ರಬ್ಬರು, ಇಲ್ಲವೆ ಬೇರೆ ಯಾವುದೋ. ಕಿಟಕಿಯ ಗಾಜು ಇಳಿಸಿ, ರೇಡಿಯೋ ನಿಲ್ಲಿಸಿ, ಪಕ್ಕದಲ್ಲಿ ಕಿವಿ ಚುರುಕಾದ ಒಬ್ಬರನ್ನು ಕೂರಿಸಿಕೊಳ್ಳಿ. ಎಡವೋ ಬಲವೋ ಎಂಬುದನ್ನು ಓಡಿಸುವವರಿಗಿಂತ ಅವರೇ ಚೆನ್ನಾಗಿ ಹೇಳಬಲ್ಲರು.

ನಮ್ಮ ಶಾಲೆಯ ಗಣಿತದ ಮೇಷ್ಟರ ಕಾರಿನಲ್ಲಿ ಇದೇ ಸದ್ದು ಬಂದಿತ್ತು. ಮೊದಲು ಹೋದ ಕಡೆ ಎರಡು ಶಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸಿ ಕೊಟ್ಟರು. ಕಾರು ಶಾಲೆಯ ಗೇಟಿಗೆ ಬರುವ ಹೊತ್ತಿಗೆ ಹಳೆಯ ಕಟಕಟ ಹಾಗೆಯೇ ಇತ್ತು. ಎರಡನೆಯ ಸಲ ಅವರು ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣದೊಂದು ಗ್ಯಾರೇಜಿಗೆ ಹೋದಾಗ ಜೊತೆಗೆ ನಾನೂ ಇದ್ದೆ. ಅಲ್ಲಿಯ ಮೇಸ್ತ್ರಿ ಕಾರನ್ನು ಎತ್ತಲೇ ಇಲ್ಲ. ನೆಲದ ಮೇಲೆಯೇ ಚುಕ್ಕಾಣಿಯನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ನಿಲ್ಲಿಸಿ, ಚಕ್ರದ ಹಿಂದಕ್ಕೆ ಕೈ ತೂರಿಸಿ, ಲಿಂಕ್ ರಾಡಿನ ಕೀಲಿನ ಮೇಲೆ ಬೆರಳಿಟ್ಟ. “ಸಾರ್, ನೀವು ಆ ಕಡೆ ನಿಂತು ಕಾರನ್ನ ಸ್ವಲ್ಪ ಅಲ್ಲಾಡಿಸಿ” ಎಂದ. ನಾನು ಅಲುಗಿಸಿದೆ. “ಮೇಷ್ಟ್ರೇ, ನಿಮ್ಮ ಬೆರಳು ಇಲ್ಲಿಡಿ” ಎಂದು ಗಣಿತದವರ ಕೈಯನ್ನು ಎಳೆದು ಇಡಿಸಿದ. ಒಳಗಿನ ಗುಂಡು ಬೆರಳಿಗೆ ಟಕ್ ಟಕ್ಕೆಂದು ತಗಲುತ್ತಿತ್ತು. “ಎತ್ತಿ ನೋಡಿದರೆ ಇದು ಸಿಗಲ್ಲ ಸಾರ್” ಎಂಬುದು ಅವನ ಮಾತು.

ಆ ಮಾತಿನಲ್ಲಿ ಅರ್ಥವಿದೆ. ಒಂದು ಪಕ್ಕಕ್ಕೆ ಮಾತ್ರ ಜಾಕು ಕೊಟ್ಟು ಎತ್ತಿದರೆ ಆ ಚಕ್ರ ಜೋತುಬೀಳುತ್ತದೆ, ಇನ್ನೊಂದು ನೆಲದ ಮೇಲಿರುತ್ತದೆ. ಸರಳು ಹುರಿಗೊಂಡು ಲಿಂಕನ್ನು ಬಿಗಿಯಾಗಿ ಒಂದು ಕಡೆಗೆ ಎಳೆದಿಡುತ್ತದೆ. ಸಡಿಲವಾದ ಕೀಲೂ ಆಗ ಬಿಗಿಯಾಗಿದ್ದಂತೆ ಕಾಣುತ್ತದೆ. ಪರೀಕ್ಷಿಸುವುದಾದರೆ ಎರಡು ಚಕ್ರಗಳೂ ನೆಲದ ಮೇಲಿರಬೇಕು, ಇಲ್ಲವೆ ಎರಡೂ ಜೋತುಬಿದ್ದಿರಬೇಕು. ಇಷ್ಟಾದರೂ ಸಂಶಯ ಹರಿಯದಿದ್ದರೆ ಕೊನೆಯ ಉಪಾಯವೊಂದಿದೆ. ಎರಡು ಲಿಂಕುಗಳನ್ನೂ ಬಿಚ್ಚಿ, ಟೈರಿಗಾಗಲಿ ಬ್ರೇಕಿನ ಕೊಳವೆಗಾಗಲಿ ತಾಗದಂತೆ ತಂತಿಯಿಂದ ಕಟ್ಟಿ, ಮನೆಯ ಸುತ್ತಲಿನ ಬೀದಿಯಲ್ಲಿ ಮೆಲ್ಲಗೆ ಒಂದು ಸುತ್ತು ಹೋಗಿ ಬರುವುದು. ಸದ್ದು ನಿಂತರೆ ಕಳ್ಳ ಸಿಕ್ಕಿದ. ಆ ಸ್ಥಿತಿಯಲ್ಲಿ ಹೆದ್ದಾರಿಗೆ ಹೋಗತಕ್ಕದ್ದಲ್ಲ.

ಸದ್ದು ನಿಲ್ಲದಿದ್ದರೆ ಮಾತ್ರ ತಡಮಾಡಬೇಡಿ. ಲೋಯರ್ ಆರ್ಮ್ ಎಂಬ ಕೆಳತೋಳಿನ ತುದಿಯಲ್ಲಿಯೂ, ಚುಕ್ಕಾಣಿಯ ಸರಳಿನ ತುದಿಯಲ್ಲಿಯೂ ಇಂಥವೇ ಗುಂಡುಕೀಲುಗಳಿವೆ. ಅವುಗಳ ಸದ್ದೂ ಹೆಚ್ಚುಕಡಿಮೆ ಇದೇ ಜಾತಿಯದು. ವ್ಯತ್ಯಾಸವೇನೆಂದರೆ, ಲಿಂಕು ಕಳಚಿದರೆ ಕಾರು ವಾಲುತ್ತದೆ, ಕೆಳತೋಳಿನ ಗುಂಡುಕೀಲು ಕಳಚಿದರೆ ಚಕ್ರವೇ ಮಡಿಸಿಕೊಂಡು ಹೋಗುತ್ತದೆ. ಚಕ್ರವನ್ನು ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ, ಚುಕ್ಕಾಣಿ ಒಂದು ಕಡೆಗೆ ಎಳೆಯುತ್ತಿದ್ದರೆ, ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ, ಲಿಂಕಿನ ಮಾತನ್ನು ಬಿಟ್ಟು ಆ ದಿನವೇ ನುರಿತವರಿಗೆ ತೋರಿಸಿ.

ಇನ್ನು ಬದಲಾಯಿಸುವ ಕೆಲಸ. ಕೈಯಲ್ಲಿ ಸ್ಪ್ಯಾನರು ಹಿಡಿದು ಅಭ್ಯಾಸವಿದ್ದವರಿಗೆ ಇದು ಒಂದು ಭಾನುವಾರದ ಬೆಳಗಿನ ಕೆಲಸ. ಅಭ್ಯಾಸವಿಲ್ಲದವರು ಗ್ಯಾರೇಜಿನಲ್ಲಿ ಮಾಡಿಸಿದರೂ, ನಡೆಯುವುದೇನೆಂದು ತಿಳಿದಿದ್ದರೆ ಪಕ್ಕದಲ್ಲಿ ನಿಂತು ನೋಡಲು ಬರುತ್ತದೆ.

ಕಾರನ್ನು ಸಮತಟ್ಟಾದ ಗಟ್ಟಿನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡುಗಳ ಅಡ್ಡೆ ಕೊಡಿ. ಮುಂಭಾಗದ ಎರಡು ಪಕ್ಕಗಳನ್ನೂ ಎತ್ತಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಜಾಕು ಎತ್ತುವುದಕ್ಕೆ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ತೂರಿಸಕೂಡದು. ಸ್ಟ್ಯಾಂಡಿಗೆ ಬದಲಾಗಿ ಇಟ್ಟಿಗೆಯನ್ನೋ ಸೈಜುಗಲ್ಲನ್ನೋ ಒಟ್ಟುವವರನ್ನು ಕಂಡಿದ್ದೇನೆ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಆ ಧೈರ್ಯ ಯಾರಿಗೂ ಬೇಡ. ಎರಡು ಪಕ್ಕವನ್ನೂ ಎತ್ತಬೇಕೆಂದು ಹೇಳಿದ್ದಕ್ಕೆ ಕಾರಣ ನಿಮಗೆ ಈಗಾಗಲೇ ಹೊಳೆದಿರಬೇಕು. ಒಂದೇ ಪಕ್ಕ ಎತ್ತಿದರೆ ಸರಳು ಹುರಿಗೊಂಡಿರುತ್ತದೆ. ನಟ್ಟು ಕಳಚಿದ ಕ್ಷಣ ಚಿಮ್ಮಿ ಬೆರಳಿಗೆ ಹೊಡೆಯಬಹುದು, ಹೊಸ ಲಿಂಕಿನ ತೂತೂ ಹೊಂದುವುದಿಲ್ಲ.

ಚಕ್ರ ಬಿಚ್ಚಿದ ಮೇಲೆ ಲಿಂಕು ಎದುರಿಗೇ ಕಾಣುತ್ತದೆ. ಅದರ ಎರಡು ನಟ್ಟುಗಳ ಸುತ್ತಲೂ ತಂತಿ ಬ್ರಷ್ಷಿನಿಂದ ಕೆಸರು ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಅರ್ಧ ಗಂಟೆ ಕಾಫಿಗೆ ಹೋಗಿ ಬನ್ನಿ. ಕರಾವಳಿಯ ಕಾರಾದರೆ ಹಿಂದಿನ ರಾತ್ರಿಯೇ ಸಿಂಪಡಿಸಿಟ್ಟರೂ ತಪ್ಪಿಲ್ಲ. ನಟ್ಟು ತಿರುಗಿಸುವಾಗ ಒಳಗಿನ ಗುಂಡೂ ಜೊತೆಯಲ್ಲೇ ತಿರುಗುವುದು ಇಲ್ಲಿಯ ದೊಡ್ಡ ತೊಡಕು. ಅದಕ್ಕಾಗಿಯೇ ಬೋಲ್ಟಿನ ತುದಿಯಲ್ಲಿ ಆರು ಮೂಲೆಯ ಕುಳಿ ಇರುತ್ತದೆ, ಇಲ್ಲವೆ ಟೊಪ್ಪಿಗೆಯ ಹತ್ತಿರ ಸ್ಪ್ಯಾನರು ಹಿಡಿಯಲು ಚಪ್ಪಟೆ ಜಾಗವಿರುತ್ತದೆ. ಕುಳಿಯಲ್ಲಿ ಆಲೆನ್ ಕೀ ಇಟ್ಟು ಹಿಡಿದುಕೊಂಡು, ರಿಂಗ್ ಸ್ಪ್ಯಾನರಿನಿಂದ ನಟ್ಟನ್ನು ಬಿಚ್ಚಬೇಕು. ಕುಳಿಯಲ್ಲಿ ಕೆಸರು ತುಂಬಿರುತ್ತದೆ. ಮೊಳೆಯಿಂದ ಕೆದಕಿ ಚೊಕ್ಕಟ ಮಾಡದೆ ಕೀ ಹಾಕಿದರೆ ಮೂಲೆಗಳು ಉರುಟಾಗಿ ಕೆಲಸ ಕೆಟ್ಟಿತು. ಏನು ಮಾಡಿದರೂ ಬಾರದ ಹಠಮಾರಿ ನಟ್ಟನ್ನು ಗರಗಸದಿಂದ ಕೊಯ್ಯುವುದೇ ದಾರಿ. ಗ್ರೈಂಡರಿನಿಂದ ಕೊಯ್ಯುವುದಾದರೆ ಕಣ್ಣಿಗೆ ಕನ್ನಡಕವಿರಲಿ. ಪಕ್ಕದಲ್ಲೇ ಬ್ರೇಕಿನ ರಬ್ಬರು ಕೊಳವೆಯೂ ಆಕ್ಸಲಿನ ರಬ್ಬರು ಬೂಟೂ ಇವೆಯೆಂಬುದನ್ನು ಮರೆಯದೆ, ಅವುಗಳ ಮೇಲೆ ಕಿಡಿ ಬೀಳದಂತೆ ತಗಡು ಅಡ್ಡ ಹಿಡಿಯಿರಿ.

ಹೊಸ ಲಿಂಕನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದವೂ ಬೋಲ್ಟುಗಳ ದಿಕ್ಕೂ ಒಂದೇ ಇದೆಯೇ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ಹಳೆಯ ನಟ್ಟನ್ನು ಮತ್ತೆ ಉಪಯೋಗಿಸಬೇಡಿ. ಅದರೊಳಗಿನ ನೈಲಾನ್ ಬಳೆಯ ಹಿಡಿತ ಒಂದು ಸಲಕ್ಕೆ ಮುಗಿಯಿತೆಂದೇ ತಿಳಿಯಬೇಕು. ಎಷ್ಟು ಬಿಗಿಯಬೇಕೆಂಬುದು ಕಾರಿನ ಸರ್ವಿಸ್ ಕೈಪಿಡಿಯಲ್ಲಿ ನ್ಯೂಟನ್‌ಮೀಟರಿನ ಲೆಕ್ಕದಲ್ಲಿರುತ್ತದೆ. ಆ ಲೆಕ್ಕದ ಅಂದಾಜು ಬೇಕಾದರೆ, ೫೦ ನ್ಯೂಟನ್‌ಮೀಟರೆಂದರೆ ಕಾಲು ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮಾರು ೨೦ ಕಿಲೋ ತೂಕ ಇಟ್ಟಷ್ಟು ಒತ್ತಡ. ಆದರೂ ಅಂದಾಜಿಗಿಂತ ಟಾರ್ಕ್ ರೆಂಚು ಮೇಲು.

ಹಳೆಯ ಮಾದರಿಯ ಲಿಂಕುಗಳಲ್ಲಿ ಗುಂಡುಕೀಲಿಲ್ಲ. ಉದ್ದನೆಯ ಒಂದು ಬೋಲ್ಟಿಗೆ ವಾಷರು, ರಬ್ಬರು, ವಾಷರು, ಕೊಳವೆ ಎಂದು ಸರದಂತೆ ಪೋಣಿಸಿರುತ್ತಾರೆ. ಬಿಚ್ಚುವ ಮೊದಲು ಆ ಸರದ ಒಂದು ಫೋಟೋ ತೆಗೆದಿಟ್ಟುಕೊಂಡರೆ ತಿರುಗಿ ಪೋಣಿಸುವಾಗ ಪೇಚಾಟವಿಲ್ಲ. ಇವನ್ನು ರಬ್ಬರು ವಾಷರಿನ ಅಂಚಿನವರೆಗೆ ತುಸು ಉಬ್ಬುವಷ್ಟು ಬಿಗಿದರೆ ಸಾಕು. ಹಿಂಡಿಹೋಗುವಂತೆ ಬಿಗಿದ ರಬ್ಬರು ಬೇಗನೆ ಸೀಳುತ್ತದೆ.

ನಡುವಣ ಬುಷ್ಷುಗಳಿಗೆ ತಗಡಿನ ಪಟ್ಟಿಯ ಬೋಲ್ಟುಗಳನ್ನು ಬಿಚ್ಚಬೇಕು. ಕೆಲವು ಕಾರುಗಳಲ್ಲಿ ಅವು ಸುಲಭವಾಗಿ ಕೈಗೆಟಕುತ್ತವೆ. ಮತ್ತೆ ಕೆಲವದರಲ್ಲಿ ಎಂಜಿನಿನ ಕೆಳಗಿನ ಅಡ್ಡಚೌಕಟ್ಟನ್ನೇ ಇಳಿಸಬೇಕಾಗುತ್ತದೆ. ಅಂಥ ಕಾರಿನ ಬುಷ್ಷನ್ನು ಮನೆಯಲ್ಲಿ ಮುಟ್ಟದಿರುವುದೇ ಜಾಣತನ. ಹೆಚ್ಚಿನ ಬುಷ್ಷುಗಳಿಗೆ ಒಂದು ಪಕ್ಕದಲ್ಲಿ ಸೀಳು ಇರುತ್ತದೆ. ಅದನ್ನು ಅಗಲಿಸಿ ಸರಳಿಗೆ ತೊಡಿಸುತ್ತಾರೆ. ಸೀಳು ಯಾವ ಕಡೆಗಿತ್ತೆಂಬುದನ್ನು ಹಳೆಯದನ್ನು ತೆಗೆಯುವಾಗಲೇ ಗುರುತು ಮಾಡಿಕೊಂಡು ಹೊಸದನ್ನೂ ಹಾಗೆಯೇ ಕೂರಿಸಿ. ಸರಳಿನ ಆ ಭಾಗವನ್ನು ಎಮರಿ ಕಾಗದದಿಂದ ಉಜ್ಜಿ ತುಕ್ಕು ತೆಗೆಯಬೇಕು. ಸರಳು ಅಲ್ಲಿ ಸವೆದು ಸಣ್ಣಗಾಗಿದ್ದರೆ ಹೊಸ ಬುಷ್ಷೂ ಸಡಿಲವಾಗಿಯೇ ಇರುತ್ತದೆ. ಕೊಳ್ಳುವಾಗಲೂ ಕಾರಿನ ಹೆಸರೊಂದನ್ನೇ ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿನ ಬೇರೆ ಬೇರೆ ವರ್ಷದ ಮಾದರಿಗಳಲ್ಲಿ ಸರಳಿನ ದಪ್ಪ ಬೇರೆ ಇರಬಹುದು. ವ್ಯಾಸವನ್ನು ಅಳೆದುಕೊಂಡು ಹೋಗಿ.

ಗ್ರೀಸಿನ ವಿಚಾರದಲ್ಲಿ ನಮ್ಮ ಜನರಿಗೆ ಅತಿ ಪ್ರೀತಿ. ಕಿರ್ರೆಂದ ಕಡೆಗೆಲ್ಲ ಗ್ರೀಸು ಮೆತ್ತಿದರೆ ಸರಿಹೋಯಿತೆಂದು ಭಾವಿಸುತ್ತಾರೆ. ಮಕ್ಕಳ ಕೈಯಲ್ಲಿ ಒಂದು ಪ್ರಯೋಗ ಮಾಡಿಸಿ: ರಬ್ಬರ್ ಬ್ಯಾಂಡೊಂದನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಡಲಿ. ಬೆಳಗ್ಗೆ ಅದು ಊದಿಕೊಂಡು, ಹಿಡಿದೆಳೆದರೆ ಹರಿಯುವ ಸ್ಥಿತಿಯಲ್ಲಿರುತ್ತದೆ. ಸುಳ್ಯ ಪುತ್ತೂರುಗಳ ಕಡೆ ತೋಟಗಳಲ್ಲಿ ಮರದಿಂದ ತೊಟ್ಟಿಕ್ಕುವ ಆ ಹಾಲಿನಿಂದಾದ ರಬ್ಬರಿಗೆ ಕಲ್ಲೆಣ್ಣೆಯ ಜಾತಿಯ ಯಾವುದೂ ಆಗುವುದಿಲ್ಲ. ಮಾಮೂಲು ಗ್ರೀಸೂ ಅದೇ ಜಾತಿ. ಬುಷ್ಷು ಜಾರಿ ಕೂರಲು ಸಾಬೂನಿನ ನೀರು ಸಾಕು. ಕಾರಿನ ತಯಾರಕರು ಹೇಳಿದ್ದರೆ ಸಿಲಿಕೋನ್ ಗ್ರೀಸು ಹಚ್ಚಬಹುದು. ಸರಳಿಗೆ ಅಂಟಿಕೊಂಡೇ ಇರಬೇಕಾದ ಬುಷ್ಷುಗಳೂ ಕೆಲವುಂಟು, ಅವಕ್ಕೆ ಯಾವುದೂ ಬೇಡ.

ಪಟ್ಟಿಯ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಚಕ್ರ ತೊಡಿಸಿ, ಕಾರನ್ನು ಇಳಿಸಿ, ಅದರ ಭಾರ ನಾಲ್ಕೂ ಚಕ್ರಗಳ ಮೇಲೆ ಬಿದ್ದ ಮೇಲೆ ಪೂರ್ತಿ ಬಿಗಿಯುವುದು ಒಳ್ಳೆಯ ಪದ್ಧತಿ. ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯಬಹುದು. ಕೆಳಗೆ ಕೈ ಹೋಗುವಷ್ಟು ಜಾಗವಿಲ್ಲದ ಕಾರನ್ನು ಗ್ಯಾರೇಜಿನ ರ‍್ಯಾಂಪಿನ ಮೇಲೆ ನಿಲ್ಲಿಸಿ ಬಿಗಿಸಬೇಕು.

ಇಷ್ಟು ಹೇಳಿದ್ದರಲ್ಲಿ ಒಂದು ದೊಡ್ಡ ಅಪವಾದವುಂಟು. ಮಾರುತಿ ೮೦೦ರಂಥ ಕೆಲವು ಹಳೆಯ ಚಿಕ್ಕ ಕಾರುಗಳಲ್ಲಿ ಈ ಸರಳಿಗೆ ಎರಡು ಉದ್ಯೋಗ. ಅಲ್ಲಿ ಬೇರೆ ಲಿಂಕ್ ರಾಡು ಇಲ್ಲ. ಸರಳಿನ ತುದಿಯೇ ಕೆಳತೋಳಿನೊಳಗೆ ಹಾದುಹೋಗಿ, ರಬ್ಬರು ಬುಷ್ಷುಗಳ ನಡುವೆ ನಟ್ಟಿನಿಂದ ಬಂಧಿತವಾಗಿರುತ್ತದೆ. ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಹೊಣೆಯೂ ಆ ಸರಳಿನದೇ. ಅಲ್ಲಿ ಬುಷ್ಷು ಸವೆದರೆ ಬ್ರೇಕು ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ‘ಟಕ್’ ಎನ್ನುತ್ತದೆ, ಚುಕ್ಕಾಣಿ ಒಂದು ಕಡೆಗೆ ಎಳೆಯುತ್ತದೆ. ಅದು ಬರಿಯ ಸದ್ದಿನ ವಿಷಯವಲ್ಲ, ಬ್ರೇಕು ಹಿಡಿದಾಗ ಕಾರು ಎತ್ತ ಹೋಗುತ್ತದೆಂಬ ವಿಷಯ. ಮೇಲೆ ಹೇಳಿದ, ಬಿಚ್ಚಿ ಒಂದು ಸುತ್ತು ಹೋಗಿಬರುವ ಪರೀಕ್ಷೆಯನ್ನು ಇಂಥ ಕಾರಿನಲ್ಲಿ ಎಂದಿಗೂ ಮಾಡಕೂಡದು. ಬುಷ್ಷು ಹಾಕಿಸಿದ ಮೇಲೆ ವೀಲ್ ಅಲೈನ್‌ಮೆಂಟನ್ನೂ ಪರೀಕ್ಷಿಸಿಕೊಳ್ಳಬೇಕು. ಪ್ರತ್ಯೇಕ ಲಿಂಕುಗಳಿರುವ ಉಳಿದ ಕಾರುಗಳಲ್ಲಿ ಲಿಂಕು ಬುಷ್ಷು ಬದಲಾಯಿಸಿದ್ದರಿಂದ ಅಲೈನ್‌ಮೆಂಟು ಕೆಡುವುದಿಲ್ಲ. ಬೇರೆ ಯಾವ ಭಾಗವನ್ನೂ ಬಿಚ್ಚದೆ ಅದರ ಖರ್ಚನ್ನು ಬಿಲ್ಲಿನಲ್ಲಿ ಸೇರಿಸಿದ್ದರೆ, ಏಕೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಲಿಂಕುಗಳನ್ನಾಗಲಿ ಬುಷ್ಷುಗಳನ್ನಾಗಲಿ ಜೋಡಿಯಾಗಿಯೇ ಬದಲಾಯಿಸಿ. ಎಡದ್ದು ಸವೆದಿದ್ದರೆ ಅಷ್ಟೇ ರಸ್ತೆ ಓಡಿದ ಬಲದ್ದೂ ಹಿಂದೆಯೇ ಬರುತ್ತದೆ. ಒಂದು ಹೊಸದು, ಒಂದು ಹಳೆಯದು ಆದರೆ ಯಾವುದು ಸದ್ದು ಮಾಡುತ್ತಿದೆಯೆಂಬ ಗೊಂದಲ ಮತ್ತೆ ಶುರು. ಗ್ಯಾರೇಜಿನಲ್ಲಿ ಮಾಡಿಸಿದರೆ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಗುಂಡುಕೀಲನ್ನು ಬೆರಳಿನಿಂದ ಅಲುಗಿಸಿ ನೋಡಿ. ಸವೆದದ್ದು ಸಡಿಲವಾಗಿ ತೂಗಾಡುತ್ತದೆ. ಹೊಸದು ಬಿಗಿಯಾಗಿ, ಬಲ ಹಾಕಿದರಷ್ಟೇ ತಿರುಗುತ್ತದೆ. ಹಳೆಯದೂ ಹೊಸದರಷ್ಟೇ ಬಿಗಿಯಾಗಿದ್ದರೆ ಅದನ್ನು ತೆಗೆದದ್ದೇಕೆಂದು ವಿಚಾರಿಸಬೇಕಾಗುತ್ತದೆ.

ಕೆಲಸವಾದ ಮೇಲೆ ಮೊದಲು ಕಟಕಟ ಕೇಳಿಸಿದ ಅದೇ ಬೀದಿಯಲ್ಲಿ, ಅದೇ ಗುಂಡಿಯ ಮೇಲೆ, ಅದೇ ವೇಗದಲ್ಲಿ ಒಂದು ಸಲ ಓಡಿಸಿ ಕೇಳಿ. ನಾಲ್ಕಾರು ದಿನ ಓಡಾಡಿದ ಬಳಿಕ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರು ಹಾಕಿ ನೋಡಿ. ಹೊಸ ರಬ್ಬರು ಕೂತುಕೊಂಡು ಕೆಲವೊಮ್ಮೆ ತುಸು ಸಡಿಲವಾಗಿರುತ್ತದೆ. ಹೇಗೂ ಚಕ್ರದ ಹಿಂದೆ ಕೈ ಹಾಕಿದ್ದೀರಿ, ಆಕ್ಸಲಿನ ರಬ್ಬರು ಬೂಟು ಸೀಳಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.